ಚೀಲ ಒಟ್ಟುವ ಯಂತ್ರಕ್ಕೆ ಪಾಠ ಹೇಳುವವರು ಯಾರು?



ಕಳೆದ ಸರ್ವ ಸದಸ್ಯರ ಸಭೆಯಲ್ಲಿ ಗೋದಾಮಿನ ಚೀಲ ಹೊರಲು ಆಳುಗಳು ಸಿಗದೆ ಆಗುತ್ತಿರುವ ತೊಂದರೆ ಚರ್ಚೆಗೆ ಬಂತು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಪೇಟೆಯ ಕಾರ್ಖಾನೆಗಳಲ್ಲಿ ಚೀಲ ಎತ್ತಿ ಅಟ್ಟಿ ಹಾಕುವ ಯಂತ್ರದ ತೋಳು ಇದೆಯಂತೆ. ನಮ್ಮ ಸಂಘಕ್ಕೂ ಒಂದು ತರಬಾರದೇಕೆ?" ಎಂದು ಕೇಳಿದರು. ಹಿಂದಿನ ಸಾಲಿನಿಂದ ಕೂಡಲೇ ಇನ್ನೊಂದು ಮಾತು ಬಂತು: "ತರಬಹುದು ಮಾರಾಯ್ರೆ, ಅದಕ್ಕೆ ಕೆಲಸ ಹೇಳಿಕೊಡುವವರು ಯಾರು?" ಸಭೆಯಲ್ಲಿ ಎಲ್ಲರೂ ನಕ್ಕರು. ಆದರೆ ನಗುವ ಪ್ರಶ್ನೆ ಅದಲ್ಲವೆಂದು ನಮಗೆ ಆಮೇಲೆ ತೋರಿತು. ಯಂತ್ರದ ಬೆಲೆ, ಸಾಲ, ಸಬ್ಸಿಡಿ ಇವುಗಳನ್ನು ಕೇಳುವವರು ಬಹಳ ಮಂದಿ. ಯಂತ್ರಕ್ಕೆ ಕೆಲಸ ಕಲಿಸುವ ವಿಧಾನ ಯಾವುದು, ಆ ವಿದ್ಯೆ ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಆ ಬಗ್ಗೆ ನಾವು ತಿಳಿದುಕೊಂಡಷ್ಟನ್ನು ಇಲ್ಲಿ ಸರಳವಾಗಿ ಬರೆಯುತ್ತಿದ್ದೇವೆ.

ಈ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಹೋದ ಕೊಯ್ಲಿನಲ್ಲಿ ನಮ್ಮ ಕೆಲವು ಸದಸ್ಯರು ಕೂಡಿ ಬಳಸುತ್ತಿದ್ದ ಅಡಿಕೆ ಒಣಗಿಸುವ ಯಂತ್ರವೊಂದರ ನಿಯಂತ್ರಣ ಪೆಟ್ಟಿಗೆ ಕೆಟ್ಟು ನಿಂತಿತು. ಬೆಂಕಿ, ಬೀಸಣಿಗೆ, ಮೋಟಾರು ಎಲ್ಲವೂ ಸರಿಯಾಗಿಯೇ ಇದ್ದವು. ಶಾಖದ ಅಳತೆಯ ಒಂದು ಅಂಕಿಯನ್ನು ತಿದ್ದಬೇಕಾಗಿತ್ತು, ಅಷ್ಟೆ. ಆದರೆ ಅದನ್ನು ತಿದ್ದಲು ಬೇಕಾದ ಗುಪ್ತಸಂಖ್ಯೆ ಮಾರಾಟಗಾರರ ಎಂಜಿನಿಯರ ಬಳಿ ಮಾತ್ರ ಇತ್ತು. ಅವರು ಬಂದದ್ದು ಐದನೆಯ ದಿನ. ಅಷ್ಟರಲ್ಲಿ ಮೋಡ ಮುಸುಕಿ, ಬೇಯಿಸಿಟ್ಟ ಅಡಿಕೆ ಅಟ್ಟದ ಮೇಲೆ ಬೂಜು ಹಿಡಿಯಿತು. ರಾಶಿಯ ದರಕ್ಕೆ ಹೋಗಬೇಕಾದ ಮಾಲು ಎಷ್ಟಕ್ಕೆ ಹೋಯಿತೆಂಬುದನ್ನು ಆ ಸದಸ್ಯರೇ ಬಲ್ಲರು. ಒಣಗಿಸುವ ಪೆಟ್ಟಿಗೆಯ ಪಾಡೇ ಹೀಗಾದರೆ, ಅದಕ್ಕಿಂತ ಹತ್ತು ಪಾಲು ತೊಡಕಿನ ಯಂತ್ರದ ತೋಳಿನ ಪಾಡು ಏನಾದೀತು?

ಯಂತ್ರದ ತೋಳು ಎಂದರೇನು?

ರೋಬಾಟ್ ಎಂದೊಡನೆ ಮನುಷ್ಯನ ಆಕಾರದ ತಗಡಿನ ಗೊಂಬೆ ಕಣ್ಣ ಮುಂದೆ ಬರುತ್ತದೆ. ಚೆಕ್ ದೇಶದ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂದ ಹೆಸರಿದು. ಕಾರ್ಖಾನೆಯ ರೋಬಾಟಿಗೆ ತಲೆಯೂ ಇಲ್ಲ, ಕಾಲೂ ಇಲ್ಲ. ಭುಜ, ಮೊಣಕೈ, ಮಣಿಕಟ್ಟು ಇರುವ ಒಂದು ಉಕ್ಕಿನ ತೋಳು, ಅಷ್ಟೆ. ಸಾಮಾನ್ಯವಾಗಿ ಆರು ಕೀಲು ಇರುತ್ತವೆ; ಚೀಲ ಒಟ್ಟುವಂಥ ಕೆಲಸಕ್ಕೆ ನಾಲ್ಕು ಕೀಲಿನ ತೋಳೂ ಸಾಕಾಗುತ್ತದೆ. ಪ್ರತಿ ಕೀಲಿಗೂ ಒಂದು ಮೋಟಾರು, ಕೀಲು ಎಷ್ಟು ತಿರುಗಿದೆ ಎಂದು ಹೇಳುವ ಒಂದು ಅಳತೆಗಾರ. ಇವೆಲ್ಲವನ್ನೂ ಆಳುವ ಕಪಾಟಿನ ಗಾತ್ರದ ಪೆಟ್ಟಿಗೆಯೇ ನಿಯಂತ್ರಕ. ಪಾಠ ಹೇಳಬೇಕಾದದ್ದು ಈ ನಿಯಂತ್ರಕಕ್ಕೆ.

ಇಂಥ ತೋಳು ಮೊದಲು ಕೆಲಸಕ್ಕೆ ನಿಂತದ್ದು 1961ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ. ಅದರ ಹೆಸರು ಯೂನಿಮೇಟ್. ಜಾರ್ಜ್ ಡೆವೊಲ್ ಕಂಡುಹಿಡಿದದ್ದು, ಜೋಸೆಫ್ ಎಂಗಲ್‌ಬರ್ಗರ್ ಮಾರುಕಟ್ಟೆಗೆ ತಂದದ್ದು. ನಮ್ಮ ರಾಜ್ಯದಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆಯಂಥ ಕಡೆ ಇಂಥ ತೋಳುಗಳು ಕಾರಿನ ತಗಡು ಬೆಸೆಯುತ್ತವೆ. ರೋಬಾಟು ತಯಾರಿಸುವ ದೊಡ್ಡ ಕಂಪೆನಿಗಳಾದ ಎಬಿಬಿ ಮತ್ತು ಫನುಕ್‌ಗಳ ಭಾರತದ ಶಾಖೆಗಳೂ ಬೆಂಗಳೂರಿನಲ್ಲಿವೆ. ಅಂದರೆ ವಿದ್ಯೆ ನಮ್ಮ ನಾಡಿಗೆ ಬಂದಾಗಿದೆ. ಕುಪ್ಪಗಡ್ಡೆಗೆ ಬರಬೇಕಾದರೆ ಯಾವ ದಾರಿಯಿಂದ ಬರಬೇಕೆಂಬುದೇ ಈಗಿನ ವಿಚಾರ.

ಪಾಠ ಹೇಳುವ ವಿಧಾನಗಳು

1. ಕೈ ಹಿಡಿದು ತಿದ್ದಿಸುವುದು. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ, ಕೆಲಸ ಬಲ್ಲವನು ತೋಳನ್ನೇ ಹಿಡಿದು ನಡೆಸುತ್ತಾನೆ. ನಡೆದ ದಾರಿಯನ್ನು ಯಂತ್ರ ನೆನಪಿಟ್ಟುಕೊಂಡು ಹಾಗೆಯೇ ಮಾಡುತ್ತದೆ. ನಾರ್ವೆ ದೇಶದಲ್ಲಿ ತ್ರಾಲ್ಫಾ ಎಂಬ ಕೈಗಾಡಿ ತಯಾರಕರಿದ್ದರು. ಗೊಬ್ಬರ, ಮಣ್ಣು ಸಾಗಿಸುವ ಒಂಟಿ ಗಾಲಿಯ ಕೈಗಾಡಿ. ಅವುಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಆಳು ಸಿಗದೆ, 1960ರ ದಶಕದ ಕೊನೆಯಲ್ಲಿ ಅವರೇ ಬಣ್ಣ ಸಿಂಪಡಿಸುವ ತೋಳೊಂದನ್ನು ಮಾಡಿಕೊಂಡರು. ನುರಿತ ಬಣ್ಣಗಾರ ಒಮ್ಮೆ ಕೈ ಹಿಡಿದು ಮಾಡಿ ತೋರಿಸಿದರೆ ಸಾಕಿತ್ತು. ಆಳಿನ ಕೊರತೆಯಿಂದಲೇ ಹುಟ್ಟಿದ ಯಂತ್ರ ಅದು ಎಂಬುದನ್ನು ನಮ್ಮ ಸದಸ್ಯರು ಗಮನಿಸಬೇಕು.

ಈಗ ಇದೇ ವಿಧಾನ ಮನುಷ್ಯರ ಪಕ್ಕದಲ್ಲೇ ನಿಂತು ದುಡಿಯುವ ಚಿಕ್ಕ ತೋಳುಗಳಲ್ಲಿ ಮತ್ತೆ ಬಂದಿದೆ. ಡೆನ್ಮಾರ್ಕಿನ ಯೂನಿವರ್ಸಲ್ ರೋಬಾಟ್ಸ್ 2008ರಲ್ಲಿ ಇಂಥ ಮೊದಲ ತೋಳನ್ನು ಮಾರಿತು. ಕಲಿಯಲು ಸುಲಭ, ಓದುಬರಹ ಹೆಚ್ಚು ಬೇಕಿಲ್ಲ. ಆದರೆ ಒಂದು ತೊಡಕಿದೆ. ಈ ಜಾತಿಯ ತೋಳುಗಳಲ್ಲಿ ಹೆಚ್ಚಿನವು ಹತ್ತು, ಇಪ್ಪತ್ತು, ಬಹಳವೆಂದರೆ ಮೂವತ್ತು ಚಿಲ್ಲರೆ ಕೆ.ಜಿ. ಎತ್ತುವಂಥವು. ಅರವತ್ತು ಎಪ್ಪತ್ತು ಕೆ.ಜಿ. ತೂಗುವ ನಮ್ಮ ಅಡಿಕೆ ಚೀಲ, ಅದರ ಮೇಲೆ ಚೀಲ ಹಿಡಿಯುವ ಇಕ್ಕಳದ ತೂಕ, ಎರಡೂ ಸೇರಿದರೆ ನೂರು ಕೆ.ಜಿ. ಎತ್ತಬಲ್ಲ ದೊಡ್ಡ ತೋಳೇ ಬೇಕು. ದೊಡ್ಡ ತೋಳಿನ ಹತ್ತಿರ ಮನುಷ್ಯ ನಿಲ್ಲುವಂತಿಲ್ಲ, ಸುತ್ತ ಬೇಲಿ ಹಾಕಬೇಕು. ಹೀಗಾಗಿ ಅತಿ ಸುಲಭದ ಈ ವಿಧಾನ ನಮ್ಮ ಅತಿ ಭಾರದ ಕೆಲಸಕ್ಕೆ ಒದಗುವುದಿಲ್ಲ. ಪ್ರದರ್ಶನದಲ್ಲಿ ಸಣ್ಣ ತೋಳನ್ನು ಕೈ ಹಿಡಿದು ನಡೆಸಿ ತೋರಿಸಿದರೆಂದು ಮರುಳಾಗಬಾರದು.

2. ಕೈಪೆಟ್ಟಿಗೆಯಿಂದ ಬಿಂದು ಗುರುತಿಸುವುದು. ಇದಕ್ಕೆ ಟೀಚ್ ಪೆಂಡೆಂಟ್ ಎನ್ನುತ್ತಾರೆ. ತಂತಿಯಿಂದ ನಿಯಂತ್ರಕಕ್ಕೆ ಸೇರಿದ, ಕೈಯಲ್ಲಿ ಹಿಡಿಯುವ ಒಂದು ಫಲಕ. ಗುಂಡಿ ಒತ್ತುತ್ತ ತೋಳನ್ನು ಬೇಕಾದ ಜಾಗಕ್ಕೆ ತಂದು "ಇದು ಒಂದನೆಯ ಬಿಂದು" ಎಂದು ದಾಖಲಿಸುವುದು, ಮುಂದಕ್ಕೆ ಒಯ್ದು "ಇದು ಎರಡನೆಯದು" ಎನ್ನುವುದು. ಇಂದಿಗೂ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಇದೂ ಒಂದು.

ಇದರಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು ದಾರಿಯದು. ಎರಡು ಬಿಂದು ಹೇಳಿಕೊಟ್ಟರೆ ತೋಳು ನೇರ ಗೆರೆಯಲ್ಲೇ ಹೋಗುತ್ತದೆಂದು ತಿಳಿಯಬಾರದು. ನೇರ ಹೋಗೆಂದು ಹೇಳದಿದ್ದರೆ ಕೀಲುಗಳು ತಮಗೆ ಸಲೀಸಾದಂತೆ ತಿರುಗಿ ಕಮಾನಿನ ಹಾಗೆ ಬಾಗಿ ಹೋಗುತ್ತದೆ. ನಡುವೆ ಗೋದಾಮಿನ ಕಂಬವಿದ್ದರೆ ಗುದ್ದುತ್ತದೆ. ಎರಡನೆಯದು ಜೀವದ್ದು. ಪಾಠ ಹೇಳುವವನು ಬೇಲಿಯ ಒಳಗೆ ಇರಬೇಕಾಗುವುದರಿಂದ, ಆಗ ತೋಳಿನ ವೇಗ ಸೆಕೆಂಡಿಗೆ 250 ಮಿ.ಮೀ. ಮೀರಬಾರದೆಂದು ಅಂತಾರಾಷ್ಟ್ರೀಯ ನಿಯಮವಿದೆ. ಕೈಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಒತ್ತುಗುಂಡಿ ಇರುತ್ತದೆ. ಅದನ್ನು ಹದವಾಗಿ ಒತ್ತಿ ಹಿಡಿದಿದ್ದರೆ ಮಾತ್ರ ತೋಳು ಚಲಿಸುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಿಂದ ಬಿಗಿಯಾಗಿ ಹಿಚುಕಿದರೂ ನಿಲ್ಲುತ್ತದೆ. ಇದನ್ನು ದಾರ ಕಟ್ಟಿ ಒತ್ತಿಟ್ಟು ಕೆಲಸ ಮಾಡುವ ಜಾಣತನ ಎಂದಿಗೂ ಕೂಡದು.

3. ಬರಹದ ಭಾಷೆ. ಗಣಕಯಂತ್ರಕ್ಕೆ ಬರೆಯುವಂತೆ ಸಾಲು ಸಾಲಾಗಿ ಕ್ರಮವಿಧಿ ಬರೆಯುವುದು. 1978ರ ಪ್ಯೂಮಾ ತೋಳಿನೊಂದಿಗೆ ಬಂದ ವ್ಯಾಲ್ ಎಂಬುದು ಇಂಥ ಹಳೆಯ ಭಾಷೆಗಳಲ್ಲೊಂದು. ಈಗ ಒಂದೊಂದು ಕಂಪೆನಿಗೆ ಒಂದೊಂದು ಭಾಷೆ: ಎಬಿಬಿಗೆ ರ‍್ಯಾಪಿಡ್, ಕೂಕಾಗೆ ಕೆ.ಆರ್.ಎಲ್., ಫನುಕ್‌ಗೆ ತನ್ನದೇ ಕೈಪೆಟ್ಟಿಗೆ ಭಾಷೆ ಮತ್ತು ಕಾರೆಲ್. ಒಂದನ್ನು ಬಲ್ಲವನು ಇನ್ನೊಂದನ್ನು ಕಲಿಯಬಲ್ಲ, ಆದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಹಾಗೆಯೇ ನಡೆಯುವುದಿಲ್ಲ. ಕಂಪೆನಿ ಬದಲಿಸಿದರೆ ಮತ್ತೆ ಬರೆಸಬೇಕು.

ಈ ವಿಧಾನದ ಬಲವೆಲ್ಲ ಲೆಕ್ಕದಲ್ಲಿದೆ. ಅದನ್ನು ಮುಂದೆ ಚೀಲದ ಉದಾಹರಣೆಯಿಂದ ತೋರಿಸುತ್ತೇವೆ.

4. ಏಣಿಯ ಚಿತ್ರ. ತೋಟದ ಮೋಟಾರಿಗೆ ಆಟೋ ಸ್ಟಾರ್ಟರ್ ಕೂರಿಸಿದವರಿಗೆಲ್ಲ ಇದರ ಮರ್ಮ ಗೊತ್ತೇ ಇದೆ. ಮೂರೂ ಫೇಸು ಬಂದಿರಬೇಕು, ಬಾವಿಯಲ್ಲಿ ನೀರಿರಬೇಕು, ಮೋಟಾರು ಕಾದಿರಬಾರದು. ಮೂರೂ ಸರಿಯಿದ್ದರೆ ಮಾತ್ರ ಮೋಟಾರು ಓಡಲಿ. ಇಂಥ ನಿಯಮಗಳನ್ನು ಏಣಿಯಂತೆ ಬರೆಯುತ್ತಾರೆ. ಏಣಿಯ ಎರಡು ಉದ್ದ ಗಳಗಳು ವಿದ್ಯುತ್ತಿನ ಎರಡು ತಂತಿಗಳು. ಒಂದೊಂದು ಮೆಟ್ಟಿಲು ಒಂದೊಂದು ನಿಯಮ. ಮೆಟ್ಟಿಲಿನ ಮೇಲೆ ಷರತ್ತುಗಳು ಸಾಲಾಗಿ ನಿಲ್ಲುತ್ತವೆ, ಕೊನೆಯಲ್ಲಿ ಆಗಬೇಕಾದ ಕೆಲಸ.

ಹಿಂದೆ ಕಾರ್ಖಾನೆಗಳಲ್ಲಿ ನೂರಾರು ರಿಲೇಗಳನ್ನು ತಂತಿಯಿಂದ ಹೆಣೆದು ಈ ನಿಯಮಗಳನ್ನು ಕಟ್ಟುತ್ತಿದ್ದರು. ಕಾರಿನ ಮಾದರಿ ಬದಲಾದರೆ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯಬೇಕು. ಈ ಕಷ್ಟ ತಪ್ಪಿಸಲು 1968ರಲ್ಲಿ ಡಿಕ್ ಮಾರ್ಲಿ ಮತ್ತು ಅವರ ಜೊತೆಗಾರರು ಕ್ರಮವಿಧಿಯಿಂದ ನಡೆಯುವ ನಿಯಂತ್ರಕವೊಂದನ್ನು ಯೋಚಿಸಿದರು. ಅದೇ ಇಂದಿನ ಪಿ.ಎಲ್.ಸಿ. ಅದಕ್ಕೆ ಬರೆಯುವ ವಿಧಾನವಾಗಿ ಏಣಿಯ ಚಿತ್ರವೇ ನೆಲೆಗೊಂಡದ್ದು, ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ಅದನ್ನು ಆಗಲೇ ಓದಬಲ್ಲವರಾಗಿದ್ದರು ಎಂಬ ಕಾರಣದಿಂದ. ಯಂತ್ರ ಹೊಸದು, ಲಿಪಿ ಹಳೆಯದು. ನಮ್ಮ ವಿಷಯಕ್ಕೆ ಇದು ದೊಡ್ಡ ಪಾಠ. 1993ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಪಿ.ಎಲ್.ಸಿ. ಬರವಣಿಗೆಗೆ ಐದು ವಿಧಾನಗಳ ಮಾನದಂಡ ಹೊರಡಿಸಿದಾಗ ಏಣಿಯ ಚಿತ್ರಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು. ತೋಳಿನ ವಕ್ರಗತಿಯನ್ನು ಏಣಿಯಲ್ಲಿ ಬರೆಯುವುದು ಕಷ್ಟ. ಆದರೆ ತಕ್ಕಡಿ, ಹೊಲಿಗೆ ಯಂತ್ರ, ಚೀಲ ಸಾಗಿಸುವ ಬೆಲ್ಟು, ಬೇಲಿಯ ಬಾಗಿಲು ಇವುಗಳನ್ನೆಲ್ಲ ತೋಳಿನೊಂದಿಗೆ ಹೊಂದಿಸಲು ಇದಕ್ಕಿಂತ ತಿಳಿಯಾದ ವಿಧಾನ ಬೇರಿಲ್ಲ.

5. ಗಣಕದ ಪರದೆಯ ಮೇಲೆ ಮೊದಲೇ ಆಡಿಸಿ ನೋಡುವುದು. ಗೋದಾಮು, ತೋಳು, ಚೀಲ ಎಲ್ಲವನ್ನೂ ಗಣಕದಲ್ಲಿ ಚಿತ್ರಿಸಿ, ಅಲ್ಲೇ ಕ್ರಮವಿಧಿ ಬರೆದು, ಸರಿಯೆನಿಸಿದ ಮೇಲೆ ನಿಯಂತ್ರಕಕ್ಕೆ ತುಂಬುವುದು. ಇದರಿಂದ ಕೆಲಸ ನಿಲ್ಲಿಸದೆ ಹೊಸ ಪಾಠ ಸಿದ್ಧಪಡಿಸಬಹುದು. ದಿನಕ್ಕೊಂದು ಬಗೆಯ ಮಾಲು ಮಾಡುವ ದೊಡ್ಡ ಕಾರ್ಖಾನೆಗೆ ಇದು ವರದಾನ. ಆದರೆ ಚಿತ್ರದ ನೆಲ ಮಟ್ಟಸ, ನಮ್ಮ ಗೋದಾಮಿನ ನೆಲ ಮಟ್ಟಸವಲ್ಲ. ಆದಕಾರಣ ಕೊನೆಗೆ ಸ್ಥಳದಲ್ಲಿ ಅಳೆದು ತಿದ್ದುವ ಕೆಲಸ ತಪ್ಪಿದ್ದಲ್ಲ. ಈಗೀಗ ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಗಣಕವೇ ಕ್ರಮವಿಧಿ ಬರೆದುಕೊಡುವ ಕಾಲವೂ ಬಂದಿದೆ. ಬರೆದವರು ಯಾರೇ ಇರಲಿ, ಮೊದಲು ಚೀಲವಿಲ್ಲದೆ, ನಿಧಾನಗತಿಯಲ್ಲಿ ನಡೆಸಿ ನೋಡದೆ ಒಪ್ಪಬಾರದು.

ಮೂವತ್ತು ಚೀಲದ ಲೆಕ್ಕ

ಇನ್ನು ಉದಾಹರಣೆಗೆ ಬರೋಣ. ಒಂದು ವರಸೆಗೆ 5 ಚೀಲ, ಎರಡು ಉದ್ದಕ್ಕೆ, ಮೂರು ಅಡ್ಡಕ್ಕೆ. ಮೇಲಿನ ವರಸೆಯನ್ನು ತಿರುಗಿಸಿ ಇಟ್ಟರೆ ಅಟ್ಟಿ ಕಚ್ಚಿಕೊಂಡು ನಿಲ್ಲುತ್ತದೆ, ಜಾರುವುದಿಲ್ಲ. ಇದು ನಮ್ಮ ಹಮಾಲರಿಗೆ ಕರತಲಾಮಲಕ. ಇಂಥ 6 ವರಸೆಗೆ 30 ಚೀಲ. ಪ್ರತಿ ಚೀಲಕ್ಕೂ ಎರಡು ಬಿಂದು ಬೇಕು: ಚೀಲ ಇಡುವ ಜಾಗ, ಅದರ ನೇರ ಮೇಲಿನ ಜಾಗ. ಒಟ್ಟು 60 ಬಿಂದು. ಬರಿಯ ಕೈಪೆಟ್ಟಿಗೆಯಿಂದಲೇ ಕಲಿಸುವುದಾದರೆ 60 ಬಿಂದುಗಳನ್ನೂ ಒಂದೊಂದಾಗಿ ಗುರುತಿಸಬೇಕು. ಒಂದು ದಿನ ಹಿಡಿದೀತು, ಆದರೆ ಆಗದ ಕೆಲಸವೇನಲ್ಲ.

ಚೀಲ ಬದಲಾದಾಗ ಏನು? ಚೀಲದ ದಪ್ಪ 20 ಸೆಂ.ಮೀ. ಇದ್ದದ್ದು, ಇನ್ನೊಂದು ಬಗೆಯ ಮಾಲು ತುಂಬಿದಾಗ 22 ಸೆಂ.ಮೀ. ಆಯಿತೆನ್ನೋಣ. ವರಸೆಗೆ 2 ಸೆಂ.ಮೀ. ಸಣ್ಣ ವ್ಯತ್ಯಾಸ. ಆದರೆ ಐದು ವರಸೆ ಮುಗಿದು ಆರನೆಯದಕ್ಕೆ ಬರುವಾಗ ಅಟ್ಟಿ 10 ಸೆಂ.ಮೀ. ಎತ್ತರ ಬೆಳೆದಿರುತ್ತದೆ. ಯಂತ್ರಕ್ಕೆ ಅದು ತಿಳಿಯದು. ಹಳೆಯ ಬಿಂದುವಿಗೇ ಇಳಿದು ಚೀಲವನ್ನು ಅಟ್ಟಿಯೊಳಕ್ಕೆ ಒತ್ತುತ್ತದೆ. ಚೀಲ ಒಡೆಯಬಹುದು, ಇಲ್ಲವೆ ತೋಳು ಎಡವಿ ನಿಲ್ಲಬಹುದು. ಆಗ ಬಿಂದುಗಳನ್ನೆಲ್ಲ ಮತ್ತೆ ಗುರುತಿಸಬೇಕು.

ಬರಹದ ಭಾಷೆಯಲ್ಲಾದರೆ ಒಂದನೆಯ ವರಸೆಯ 5 ಬಿಂದು, ತಿರುಗಿಸಿ ಇಡುವ ಎರಡನೆಯ ವರಸೆಯ 5 ಬಿಂದು, ಇಷ್ಟನ್ನು ಮಾತ್ರ ಕೈಪೆಟ್ಟಿಗೆಯಿಂದ ಗುರುತಿಸಿದರೆ ಸಾಕು. ಉಳಿದದ್ದು ಲೆಕ್ಕ: ಬೆಸ ವರಸೆಗೆ ಮೊದಲ ಪಟ್ಟಿ, ಸಮ ವರಸೆಗೆ ಎರಡನೆಯ ಪಟ್ಟಿ, ಎತ್ತರಕ್ಕೆ ಚೀಲದ ದಪ್ಪವನ್ನು ವರಸೆಯ ಸಂಖ್ಯೆಯಿಂದ ಗುಣಿಸು. ದಪ್ಪ ಬದಲಾದಾಗ 20 ಎಂಬಲ್ಲಿ 22 ಎಂದು ಒಂದು ಅಂಕಿ ತಿದ್ದಿದರೆ ಮುಗಿಯಿತು. ಕಾಫಿಯಂತೆ ಬೇರೆ ಅಳತೆಯ ಚೀಲದಲ್ಲಿ ಬರುವ ಮಾಲಿಗೆ ಇನ್ನೊಂದು ಹತ್ತು ಬಿಂದುಗಳ ಪಟ್ಟಿ ಮಾಡಿಟ್ಟುಕೊಂಡರಾಯಿತು.

ಹೀಗೆ ಒಂದೇ ವಿಧಾನ ಆರಿಸಬೇಕೆಂಬ ಮಾತೇ ಸರಿಯಲ್ಲವೆಂದು ಕಾಣುತ್ತದೆ. ಜಾಗ ತೋರಿಸಲು ಕೈಪೆಟ್ಟಿಗೆ, ಲೆಕ್ಕ ಹಾಕಲು ನಾಲ್ಕಾರು ಸಾಲಿನ ಬರಹ, ಸುತ್ತಲಿನ ಯಂತ್ರಗಳನ್ನು ಹೊಂದಿಸಲು ಏಣಿಯ ಚಿತ್ರ. ನಮ್ಮಂಥ ಸಂಘಕ್ಕೆ ಈ ಮೂರರ ಕೂಡಿಕೆಯೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಪರದೆಯ ಮೇಲೆ ಆಡಿಸುವ ವಿಧಾನವನ್ನು ನಾವು ಕೊಳ್ಳಬೇಕಿಲ್ಲ. ಮಾರುವವರೇ ಮೊದಲು ಹಾಗೆ ಆಡಿಸಿ, ನಮ್ಮ ಗೋದಾಮಿನ ಕಂಬ ಬಾಗಿಲುಗಳ ನಡುವೆ ತೋಳು ತಿರುಗುತ್ತದೆಂದು ತೋರಿಸಲಿ.

ಕೊಳ್ಳುವ ಮೊದಲು ಕೇಳಬೇಕಾದ್ದು

ಅ) ಕೆಲಸ ಎಷ್ಟು ಸಲ ಬದಲಾಗುತ್ತದೆ? ವರ್ಷವಿಡೀ ಒಂದೇ ಚೀಲ, ಒಂದೇ ಅಟ್ಟಿಯಾದರೆ ಕೈಪೆಟ್ಟಿಗೆ ಮಾತ್ರ ಸಾಕು. ಬದಲಾಗುವುದಾದರೆ ಲೆಕ್ಕದ ಬರಹ ಬೇಕೇ ಬೇಕು.

ಆ) ಯಂತ್ರದ ಪಕ್ಕ ದಿನವೂ ನಿಲ್ಲುವವರು ಯಾರು, ಅವರು ಯಾವ ಲಿಪಿ ಓದಬಲ್ಲರು? ಇದು ಎಲ್ಲಕ್ಕಿಂತ ಮುಖ್ಯ. ಬೆಂಗಳೂರಿನ ಎಂಜಿನಿಯರರಿಗೆ ಸುಲಭವಾದದ್ದಲ್ಲ, ನಮ್ಮ ಊರಿನ ಎಲೆಕ್ಟ್ರಿಷಿಯನ್ನನಿಗೆ ಸುಲಭವಾದದ್ದನ್ನು ಆರಿಸಬೇಕು. ಕ್ರಮವಿಧಿಯ ಪಕ್ಕದಲ್ಲಿ ವಿವರಣೆ ಬರೆಯಲು ಜಾಗವಿರುತ್ತದೆ. ನಿಯಂತ್ರಕ ಕನ್ನಡ ಅಕ್ಷರ ಸ್ವೀಕರಿಸದಿದ್ದರೆ, ಸಾಲಿನ ಸಂಖ್ಯೆ ಹಾಕಿ ಕನ್ನಡದಲ್ಲಿ ಬೇರೊಂದು ಪುಸ್ತಕವೇ ಬರೆಸಿಡಬೇಕು.

ಇ) ಗುಪ್ತಸಂಖ್ಯೆ ಯಾರ ಬಳಿ? ಕ್ರಮವಿಧಿಯ ಪೂರ್ಣ ಪ್ರತಿ, ಎಲ್ಲ ಗುಪ್ತಸಂಖ್ಯೆಗಳು, ತಂತಿ ಜೋಡಣೆಯ ನಕ್ಷೆ ಇವು ಸಂಘದ ಬೀರುವಿನಲ್ಲಿ ಇರಬೇಕೆಂದು ಖರೀದಿ ಪತ್ರದಲ್ಲೇ ಬರೆಸಬೇಕು. ಇವು ಕೈಗೆ ಬರುವ ತನಕ ಕೊನೆಯ ಕಂತು ಕೊಡಬಾರದು.

ಈ) ಕರೆಂಟು ಹೋದರೆ ಗತಿಯೇನು? ಅನೇಕ ತೋಳುಗಳಲ್ಲಿ ಕೀಲುಗಳ ಸ್ಥಾನದ ನೆನಪನ್ನು ಚಿಕ್ಕ ಬ್ಯಾಟರಿಯೊಂದು ಕಾಯುತ್ತದೆ. ಯಂತ್ರ ಆರಿಸಿಟ್ಟಿರುವಾಗ ಆ ಬ್ಯಾಟರಿ ಸತ್ತರೆ ತೋಳಿಗೆ ತಾನೆಲ್ಲಿದ್ದೇನೆಂಬ ಅರಿವೇ ತಪ್ಪಿಹೋಗುತ್ತದೆ. ಮತ್ತೆ ಶೂನ್ಯದಿಂದ ಅಳತೆ ಹೊಂದಿಸಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿಡುವ ಗೋದಾಮಿನಲ್ಲಿ ಇದನ್ನು ಮರೆಯಬಾರದು. ಕೈಪಿಡಿ ಹೇಳಿದ ಅವಧಿಗೆ, ಹೇಳಿದ ಕ್ರಮದಲ್ಲಿ ಬದಲಿಸಬೇಕು.

ಉ) ನಿಜವಾಗಿ ಬೇಕೇ? ವರ್ಷದಲ್ಲಿ ಕೆಲವೇ ತಿಂಗಳು ಚೀಲ ಬರುವ ಸಂಘಕ್ಕೆ, ಇಳಿಜಾರಿನಲ್ಲಿ ಚೀಲ ಏರಿಸುವ ಬೆಲ್ಟೊಂದೇ ಸಾಕಾದೀತು. ಅದಕ್ಕೆ ಪಾಠವೂ ಬೇಡ, ಗುರುವೂ ಬೇಡ. ಒಂದೇ ಸಂಘಕ್ಕೆ ಹೊರೆಯಾದರೆ ಹತ್ತಿರದ ಸಂಘಗಳು ಕೂಡಿ ಯೋಚಿಸಬಹುದು.

ನಮ್ಮ ಮಕ್ಕಳು, ನಮ್ಮ ಹಮಾಲರು

ಈ ವಿದ್ಯೆ ಕಲಿಯಲು ಈಗ ದೂರ ಹೋಗಬೇಕಾಗಿಲ್ಲ. ಡೆನ್ಮಾರ್ಕ್ ಸರಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಈಗ ಶಿವಮೊಗ್ಗದಲ್ಲೂ ಕೇಂದ್ರ ಹೊಂದಿದೆ. ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಕೈಗಾರಿಕಾ ರೋಬಾಟಿನ ತರಬೇತಿಯೂ ಆ ಯೋಜನೆಯಲ್ಲಿದೆ. ತೋಟ ಬಿಟ್ಟು ಪೇಟೆ ಸೇರಿದ ಮಕ್ಕಳ ಚಿಂತೆ ನಮ್ಮೆಲ್ಲರ ಮನೆಯದು. ಊರಿನಲ್ಲೇ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಇದ್ದರೆ, ಇಬ್ಬರಾದರೂ ಮರಳಿ ಬಂದಾರು. ಒಬ್ಬರಿಗೇ ಕಲಿಸಿ ಸುಮ್ಮನಾಗಬಾರದು. ಒಬ್ಬರ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದ ದಿನ ಯಂತ್ರ ನಿಲ್ಲಬಾರದು.

ಕೊನೆಯದಾಗಿ ಒಂದು ಮಾತು. ಚೀಲ ಹೇಗೆ ಕಚ್ಚಿಕೊಳ್ಳುತ್ತದೆ, ತೇವದ ಗೋಡೆಯಿಂದ ಎಷ್ಟು ದೂರ ಇಡಬೇಕು, ಸಡಿಲ ತುಂಬಿದ ಚೀಲವನ್ನು ಯಾವ ವರಸೆಗೆ ಹಾಕಬೇಕು ಎಂಬುದು ಯಾವ ಕಂಪೆನಿಯ ಕೈಪಿಡಿಯಲ್ಲೂ ಇಲ್ಲ. ಇಷ್ಟು ವರ್ಷ ಬೆನ್ನು ಬಾಗಿಸಿ ನಮ್ಮ ಮಾಲು ಹೊತ್ತ ಹಮಾಲರ ತಲೆಯಲ್ಲಿದೆ. ಅವರಲ್ಲಿ ಕೆಲವರ ಸೊಂಟ ಈಗ ಚೀಲ ಹೊರಲಾರದು, ಆದರೆ ಕಣ್ಣು ಇನ್ನೂ ಅಟ್ಟಿಯ ಓರೆ ಹಿಡಿಯಬಲ್ಲದು. ಯಂತ್ರ ಬಂದರೆ ಅವರನ್ನು ಕೈಬಿಡುವುದಲ್ಲ, ಕೈಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು ಆ ಹತ್ತು ಬಿಂದುಗಳನ್ನು ಅವರಿಂದಲೇ ಗುರುತು ಮಾಡಿಸಬೇಕು. ಬರಹವನ್ನು ಹುಡುಗರು ಬರೆಯಲಿ, ಜಾಗವನ್ನು ಹಿರಿಯರು ತೋರಿಸಲಿ.

ಸಭೆಯಲ್ಲಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಪಾಠ ಹೇಳುವವರು ನಮ್ಮವರೇ ಆಗುವ ವಿಧಾನವಿದ್ದರೆ ಯಂತ್ರದ ಮಾತು ಮುಂದುವರಿಸೋಣ, ಇಲ್ಲವಾದರೆ ಇನ್ನೂ ಸ್ವಲ್ಪ ಕಾಯೋಣ. ಸದಸ್ಯರು ಈ ಬಗ್ಗೆ ತಮ್ಮ ಅಭಿಪ್ರಾಯ, ಅನುಭವಗಳನ್ನು ಮುಂದಿನ ಸಂಚಿಕೆಯೊಳಗೆ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.